ಬಿಳಿ ಲಂಗದ ಕೊಂಡಿ

"ಲೈಟ್ ಆರಿಸಿ," ಅಂದಳು ಭಾಗ್ಯಶ್ರೀ.

ನವನೀತ್ ಸ್ವಿಚ್ ಒತ್ತಿದ. ಸಿಂಗಾಪುರದ ಉಬಿ ಬಡಾವಣೆಯ ಆ ಗೋದಾಮಿನ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಬೆಳಗಿನ ಹತ್ತರ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ಗವ್ವೆಂದು ಕತ್ತಲು ಕವಿಯಿತು. ಮೇಜಿನ ಮೇಲೆ ಮಲಗಿಸಿದ್ದ ಬಿಳಿ ಲಂಗದ ಮೇಲೆ ಅವಳು ನೇರಳೆ ಟಾರ್ಚ್ ಹಿಡಿದಳು.

ಮೊದಲ ಪದರ ಮಂಕಾಗಿ ಬಿದ್ದಿತ್ತು. ಎರಡನೆಯದೂ ಹಾಗೇ. ಹಳೆಯ ಹತ್ತಿ ಬಲೆ ಹೇಗಿರಬೇಕೋ ಹಾಗೆ. ಐದನೇ ಪದರವನ್ನು ಬೆರಳ ತುದಿಯಿಂದ ಎತ್ತಿದಾಗ ಮಾತ್ರ ಒಂದು ಹೊಲಿಗೆಯ ಸಾಲು ನೀಲಿಯಾಗಿ ಹೊಳೆಯಿತು.

ಏನದು ಅಂತ ನವನೀತ್ ಕೇಳಿದ. ಈಗಿನ ಕಾಲದ ದಾರಕ್ಕೆ ಬಿಳುಪು ಬರಲಿ ಅಂತ ಬೆರೆಸುವ ರಾಸಾಯನಿಕ, ಈ ಬೆಳಕಿಗೆ ಹೀಗೆ ಹೊಳೆಯುತ್ತದೆ ಅಂದಳು. ನೂರೆಪ್ಪತ್ತು ವರ್ಷದ ಹಿಂದೆ ಪ್ಯಾರಿಸಿನಲ್ಲಿ ಹೊಲಿದ ಬ್ಯಾಲೆ ಲಂಗದಲ್ಲಿ ಅದಕ್ಕೇನು ಕೆಲಸ?

ಅಲ್ಲಿಗೆ ಒಂದು ಮಾತು ಖಾತ್ರಿಯಾಯಿತು. ಪ್ರದರ್ಶನಕ್ಕೆಂದು ಮೇಡಂ ಕೋ ಎರವಲು ಕೊಟ್ಟಿದ್ದ ಅವರ ಮನೆತನದ ಟುಟು, ಅಂದರೆ ಆ ಬ್ಯಾಲೆ ಲಂಗ, ಶುಕ್ರವಾರ ಶುರುವಾಗುವ ಪ್ರದರ್ಶನದ ಮುಖ್ಯ ಆಕರ್ಷಣೆ, ಈ ಮೇಜಿನ ಮೇಲೆ ಇರಲಿಲ್ಲ. ಇದ್ದದ್ದು ಅದರ ನಕಲು.

ಗುಮಾನಿ ಹುಟ್ಟಿದ್ದು ಸೋಮವಾರ, ತೂಕದಿಂದ. ಗ್ಯಾಲರಿಯ ದಾಖಲೆ ನೋಡಿಕೊಳ್ಳುವ ನವನೀತ್ ರೂಢಿಯಂತೆ ತೂಗಿದಾಗ ಲಂಗ ಮೂವತ್ತೆಂಟು ಗ್ರಾಂ ಹೆಚ್ಚು ತೂಗಿತ್ತು. ಹಳೆಯ ಬಟ್ಟೆ ಸವೆದು ಹಗುರವಾಗಬಹುದು, ಪೆಟ್ಟಿಗೆಯೊಳಗೆ ಕೂತು ದಪ್ಪವಾಗುವುದಿಲ್ಲ. ಇನ್ಶೂರೆನ್ಸ್ ಕಂಪನಿಯ ತನಿಖೆಗಾರ ಅರವಿಂದ ಕೂಡಲೇ ಭಾಗ್ಯಶ್ರೀಗೆ ಫೋನ್ ಮಾಡಿದ್ದ. ಬಟ್ಟೆ ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ಅಂತ ಹೇಳುವವರು ಸಿಂಗಾಪುರದಲ್ಲಿ ಬೆರಳೆಣಿಕೆಯಷ್ಟು ಜನ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿ, ಹನ್ನೊಂದು ವರ್ಷದಿಂದ ಇಲ್ಲಿ ಹಳೆಯ ಬಟ್ಟೆಗಳ ಆರೈಕೆ ಮಾಡುತ್ತಿದ್ದ ಭಾಗ್ಯಶ್ರೀ ಅವರಲ್ಲಿ ಒಬ್ಬಳು. ಇವತ್ತು ಸಂಜೆ ಐದರೊಳಗೆ ಅರವಿಂದನಿಗೆ ವರದಿ ಬೇಕಿತ್ತು.

ಅವಳು ಲೈಟ್ ಹಾಕಿಸಿ ಭೂತಗನ್ನಡಿ ಎತ್ತಿಕೊಂಡಳು.

ಅಂಚಿನಲ್ಲಿ ಕಾಸಿನಗಲದ ಒಂದು ಕಂದು ಕಲೆ ಇತ್ತು. ಅಸಲಿ ಲಂಗದಲ್ಲೂ ಅದೇ ಜಾಗದಲ್ಲಿ ಇದೆ. ರಂಗದ ಗ್ಯಾಸ್ ದೀಪ ತಾಗಿ ಸೀದ ಗುರುತು. ಆದರೆ ಸೀದ ನೂಲು ಬೆರಳಿಗೆ ಸಿಕ್ಕರೆ ಹಪ್ಪಳದ ಚೂರಿನಂತೆ ಮುರಿಯಬೇಕು. ಇದು ಮೆತ್ತಗಿತ್ತು. ಚಹಾದ ಬಣ್ಣ ಕುಡಿಸಿದ್ದರು, ಬೆಂಕಿ ತಾಗಿಸಿರಲಿಲ್ಲ.

ಆಮೇಲೆ ಸೊಂಟಪಟ್ಟಿ ಮಗುಚಿದಳು. ಒಳಮೈಯಲ್ಲಿ ಎರಡು ರೇಷ್ಮೆ ತುಂಡುಗಳನ್ನು ಜೋಡಿಸಿದ್ದರು. ಗಂಟು ಕಾಣಲಿಲ್ಲ, ಹೊಲಿಗೆಯೂ ಕಾಣಲಿಲ್ಲ. ಒಂದು ತುಂಡಿನ ಎಳೆ ಕುಣಿಕೆಯಾಗಿ ಇನ್ನೊಂದರ ಕುಣಿಕೆಯೊಳಗೆ ತೂರಿ ಕೂತಿತ್ತು. ಸಾಲುಸಾಲಾಗಿ, ಕೈಹಿಡಿದು ನಿಂತ ಮಕ್ಕಳ ಹಾಗೆ.

ಭಾಗ್ಯಶ್ರೀ ಭೂತಗನ್ನಡಿಯನ್ನು ಇನ್ನೂ ಹತ್ತಿರ ತಂದಳು.

ಅದು ಕೊಂಡಿ. ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೂಡಿಸುವ ವಿದ್ಯೆ. ಅವಳ ತಾಯಿ ಶಿವಲಿಂಗವ್ವ ದಿನಕ್ಕೆ ಸಾವಿರ ಕೊಂಡಿ ಹಾಕುತ್ತಿದ್ದಳು. ಅದೇ ವಿದ್ಯೆಯಿಂದ ಹರಿದ ರೇಷ್ಮೆಯನ್ನು ಕೂಡಿಸಬಹುದು ಅಂತ ಭಾಗ್ಯಶ್ರೀ ಹೋದ ವರ್ಷ ಒಂದು ಪತ್ರಿಕೆಯಲ್ಲಿ ಬರೆದಿದ್ದಳು. ಈ ಊರಲ್ಲಿ ಕೊಂಡಿ ಅಂದರೆ ಅವಳೇ. ಇದನ್ನು ಯಾರು ನೋಡಿದರೂ ಮೊದಲು ಹುಡುಕುವುದು ಅವಳ ಮನೆಯ ಬಾಗಿಲನ್ನೇ.

ಆದರೆ ಇದು ಅವಳ ಕೈಯಲ್ಲ. ಪ್ರತಿ ನಾಲ್ಕನೇ ಕೊಂಡಿ ಎಡಕ್ಕೆ ಒಂದು ಕೂದಲೆಳೆಯಷ್ಟು ವಾಲಿತ್ತು. ಹೆಬ್ಬೆರಳು ಪೂರ್ತಿ ಮಡಚಲಾಗದ ಒಬ್ಬರು ಹಾಕಿದರೆ ಹಾಗೆ ವಾಲುತ್ತದೆ. ಆ ಒಬ್ಬರಿಗೆ ಕೊಂಡಿ ಹಾಕುವುದನ್ನು ಅವಳೇ ಪಕ್ಕದಲ್ಲಿ ಕೂತು ಕಲಿಸಿದ್ದಳು.

"ಏನಾದ್ರೂ ಸಿಕ್ತಾ?" ನವನೀತ್ ಕೇಳಿದ.

"ಸಂಜೆ ತನಕ ಟೈಮ್ ಕೊಡಿ," ಅಂದಳು. ಕೊಂಡಿಯ ವಿಷಯ ಹೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಕಂಡದ್ದನ್ನು ಮುಚ್ಚಿಟ್ಟದ್ದು ಅದೇ ಮೊದಲು.

ಹೊರಡುವ ಮುಂಚೆ, ಲಂಗದ ಪೆಟ್ಟಿಗೆಯನ್ನು ಯಾರು ಯಾವಾಗ ತೆರೆದರು ಅಂತ ಬರೆದಿಡುವ ಪುಸ್ತಕ ತರಿಸಿ ನೋಡಿದಳು. ಬೇರೆ ಯಾರದಾದರೂ ಹೆಸರು ಸಿಗಲಿ ಅಂತ ಮನಸ್ಸು ಹಂಬಲಿಸುತ್ತಿತ್ತು. ಸೋಮವಾರದ ತೂಕಕ್ಕೆ ಮುಂಚೆ ಪೆಟ್ಟಿಗೆ ಮೂರು ಸಲ ತೆರೆದಿತ್ತು. ಬಂದ ದಿನ ನವನೀತ್ ತೆರೆದಿದ್ದ. ಅವನ ಹತ್ತಿರ ಬೀಗದ ಕೈ ಇದೆ, ಆದರೆ ತಾನೇ ಬದಲಿಸಿದವನು ತಾನೇ ತೂಗಿ ಊರಿಗೆಲ್ಲ ಹೇಳುತ್ತಾನೆಯೇ? ಎರಡನೇ ಸಲ ಮೇಡಂ ಕೋ ಬಂದಿದ್ದರು, ಮುಟ್ಟದೆ ದೂರದಲ್ಲೇ ಐದು ನಿಮಿಷ ನಿಂತು, ಅಜ್ಜಿಯ ನೆನಪಾಯಿತು ಅಂತ ಕಣ್ಣೊರೆಸಿಕೊಂಡು ಹೋಗಿದ್ದರು. ಮೂರನೇ ಸಲ, ಹದಿನೈದು ದಿನದ ಹಿಂದೆ, ಲಂಗ ನಿಲ್ಲಿಸುವ ಗೊಂಬೆಯ ಅಳತೆ ನೋಡಲು ಒಬ್ಬರು ಎರಡು ಗಂಟೆ ಒಂಟಿಯಾಗಿ ಕೋಣೆಯಲ್ಲಿದ್ದರು.

ಪ್ರದರ್ಶನ ರೂಪಿಸಿದ ಡಾಕ್ಟರ್ ವತ್ಸಲಾ ವೆಂಕಟೇಶಮೂರ್ತಿ. ಭಾಗ್ಯಶ್ರೀಯ ವತ್ಸಲಾ ಆಂಟಿ.

ಉಬಿಯಲ್ಲಿ ಟ್ರೈನ್ ಹತ್ತಿ ಕೂತಮೇಲೆ ಆಂಟಿಗೆ ಮೆಸೇಜ್ ಮಾಡಿದಳು, ಬರ್ತಿದ್ದೀನಿ, ಲಂಗದ ವಿಷಯ ಮಾತಾಡ್ಬೇಕು ಅಂತ. ಬಾ ಕಂದ, ಊಟಕ್ಕೆ ಇಲ್ಲೇ ಇರು ಅಂತ ಒಂದೇ ನಿಮಿಷಕ್ಕೆ ಉತ್ತರ ಬಂತು.

ಆಂಟಿಯ ಮನೆ ಇದ್ದ ಚೋವಾ ಚು ಕಾಂಗ್‌ಗೆ ಒಂದು ಗಂಟೆಗೂ ಮೀರಿದ ದಾರಿ. ಆ ದಾರಿಯುದ್ದಕ್ಕೂ ಅವಳಿಗೆ ಆಂಟಿಯ ದನಿಯೇ ಕೇಳುತ್ತಿತ್ತು. ಮೈಸೂರಿನವರು, ಇಲ್ಲಿ ಮೂವತ್ತು ವರ್ಷ ಉಡುಪಿನ ಚರಿತ್ರೆ ಪಾಠ ಮಾಡಿದವರು. ಒಂದು ಸಮ್ಮೇಳನದಲ್ಲಿ ಭಾಗ್ಯಶ್ರೀಯ ಕೆಲಸ ನೋಡಿ ಸಿಂಗಾಪುರಕ್ಕೆ ಕರೆಸಿಕೊಂಡವರು, ಮೊದಲ ಮೂರು ತಿಂಗಳು ಮನೆಯಲ್ಲೇ ಇಟ್ಟುಕೊಂಡವರು. ಇಂಗ್ಲಿಷ್ ತಡವರಿಸಿದಾಗ ಯಾರ ಮುಂದೆಯೂ ತಿದ್ದದೆ, ಮನೆಗೆ ಬಂದಮೇಲೆ ಮೆಲ್ಲಗೆ ತಿದ್ದಿದವರು.

ಟುಟುವಿನ ಕಥೆಯನ್ನೂ ಅವರೇ ಹೇಳಿದ್ದು, ಊಟದ ಮೇಜಿನ ಮೇಲೆ, ಹಪ್ಪಳ ಮುರಿಯುತ್ತ. ಸುಮಾರು ಇನ್ನೂರು ವರ್ಷದ ಹಿಂದೆ ನರ್ತಕಿಯರು ಕಾಲ್ಬೆರಳ ತುದಿಯಲ್ಲಿ ನಿಲ್ಲುವುದನ್ನು ಕಲಿತರು. ಆ ಪಾದ ಜನಕ್ಕೆ ಕಾಣಬೇಡವೇ? ಲಂಗ ನೆಲ ಬಿಟ್ಟು ಮೀನಖಂಡದ ತನಕ ಏರಿತು. ಗಾಳಿಗಿಂತ ಹಗುರವಾದ ಬಲೆಯನ್ನು ಪದರ ಪದರವಾಗಿ ಹಾಕಿದರು, ಗಂಟೆಯ ಆಕಾರ ಬಂತು. ಟುಟು ಅನ್ನುವ ಹೆಸರು ಅಗ್ಗದ ಸೀಟಿನಲ್ಲಿ ಕೂತವರ ಪೋಲಿ ಮಾತಿನಿಂದ ಬಂದದ್ದಂತೆ.

ಆಗ ರಂಗಕ್ಕೆಲ್ಲ ಗ್ಯಾಸ್ ದೀಪ. ಬಲೆಗೆ ಕಿಡಿ ತಾಗಿದರೆ ಮುಗಿಯಿತು. ಬೆಂಕಿ ಹಿಡಿಯದ ಮದ್ದನ್ನು ಬಟ್ಟೆಗೆ ಹಾಕಬಹುದಿತ್ತು. ಆದರೆ ಬಟ್ಟೆ ಗಡುಸಾಗುತ್ತದೆ, ಬಣ್ಣ ಕೆಡುತ್ತದೆ ಅಂತ ಪ್ಯಾರಿಸಿನ ಒಬ್ಬ ಎಳೆಯ ನರ್ತಕಿ ಬೇಡವೆಂದಳು. ತಾಲೀಮಿನಲ್ಲಿ ಲಂಗಕ್ಕೆ ಬೆಂಕಿ ಹತ್ತಿತು. ತಿಂಗಳುಗಟ್ಟಲೆ ನರಳಿ ಸತ್ತಳು.

ಆಮೇಲೆ ಕುಣಿತ ಇನ್ನೂ ಕಷ್ಟವಾದಂತೆ ಲಂಗ ಮೊಣಕಾಲಿಗಿಂತ ಮೇಲೇರಿತು, ಕೊನೆಗೆ ತಟ್ಟೆಯ ಹಾಗೆ ಅಡ್ಡಡ್ಡ ನಿಂತಿತು. ರಂಗದಿಂದ ಇಳಿದು ಪ್ಯಾರಿಸಿನ ದೊಡ್ಡ ದೊಡ್ಡ ದರ್ಜಿಗಳ ಕೈಗೆ ಬಂತು, ಪಾರ್ಟಿ ಗೌನಾಯಿತು, ಮದುವೆಯ ಉಡುಪಾಯಿತು. ಬಾಗಲಕೋಟೆಯ ಅಂಗಡಿಯಲ್ಲಿ ಅಪ್ಪ ತಿಪ್ಪಣ್ಣ ಕೊಡಿಸಿದ ಗುಲಾಬಿ ನೆಟ್ ಫ್ರಾಕ್ ಕೂಡ ಅದೇ ವಂಶದ್ದು ಅಂತ ಕೇಳಿ ಭಾಗ್ಯಶ್ರೀ ಅವತ್ತು ನಕ್ಕಿದ್ದಳು. ಆಂಟಿ ನಗಲಿಲ್ಲ. ಪ್ರತಿ ಹುಟ್ಟುಹಬ್ಬದ ಫ್ರಾಕಿನ ಹಿಂದೆಯೂ ಸುಟ್ಟುಹೋದ ಒಬ್ಬ ಹುಡುಗಿ ಇದ್ದಾಳೆ ಕಣೆ, ಅದನ್ನ ಮರೀಬೇಡ ಅಂದಿದ್ದರು.

ಅಂಥವರು ಹೀಗೆ ಮಾಡಿಯಾರೆ? ಬುಕಿತ್ ಪಂಜಾಂಗ್‌ನಲ್ಲಿ ಇಳಿದು ಎಲ್‌ಆರ್‌ಟಿ ಅನ್ನುವ ಪುಟ್ಟ ರೈಲು ಹತ್ತುವಾಗಲೂ ಅವಳು ಅದನ್ನೇ ಕೇಳಿಕೊಂಡಳು. ಮೊಬೈಲಿನಲ್ಲಿ ಕೊಂಡಿಯ ಫೋಟೋ ದೊಡ್ಡದು ಮಾಡಿ ಮತ್ತೆ ಎಣಿಸಿದಳು. ನಾಲ್ಕನೆಯದು, ಎಂಟನೆಯದು, ಹನ್ನೆರಡನೆಯದು.

ಒಂಬತ್ತನೇ ಮಹಡಿಯ ಬಾಗಿಲು ತೆರೆದೇ ಇತ್ತು. ಒಗ್ಗರಣೆಯ ವಾಸನೆ ಕಾರಿಡಾರಿನ ತನಕ ಬಂದಿತ್ತು. ಗಂಡ ತೀರಿಹೋಗಿ, ಮಗ ವೇದಾಂತ್ ಬೇರೆ ಮನೆ ಮಾಡಿದಮೇಲೆ ವತ್ಸಲಾ ಒಬ್ಬರೇ ಇದ್ದರು. ಎಪ್ಪತ್ತರ ಹತ್ತಿರದ ಸಣ್ಣ ಜೀವ, ಇಸ್ತ್ರಿ ಮಾಡಿದ ಹತ್ತಿ ಸೀರೆ. ಬಿಸಿಲಲ್ಲಿ ಬಂದಿದ್ದೀಯ ಅಂತ ಫ್ಯಾನ್ ಜೋರು ಮಾಡಿದರು. ಕಾಫಿ ಬೆರೆಸಲು ಡಬರಿ ಎತ್ತಿದರು.

"ಆಂಟಿ, ಸೊಂಟಪಟ್ಟಿಯಲ್ಲಿ ಕೊಂಡಿ ಇದೆ."

ಡಬರಿಯಿಂದ ಲೋಟಕ್ಕೆ ಕಾಫಿ ಇಳಿಯುವುದು ನಿಲ್ಲಲಿಲ್ಲ. "ಯಾವ ಕೊಂಡಿ?"

"ನಾನು ನಿಮಗೆ ಕಲಿಸಿದ್ದು. ನಾಲ್ಕನೇದು ಎಡಕ್ಕೆ ವಾಲಿದೆ."

ವತ್ಸಲಾ ಲೋಟವನ್ನು ಅವಳ ಮುಂದಿಟ್ಟು ಎದುರಿಗೆ ಕೂತರು. ತಮ್ಮ ಬಲಗೈ ಹೆಬ್ಬೆರಳನ್ನು ಒಂದು ಕ್ಷಣ ನೋಡಿಕೊಂಡರು.

"ನಿನ್ನ ಕಣ್ಣು ತಪ್ಪಿಸೋಕಾಗಲ್ಲ ಅಂತ ಗೊತ್ತಿತ್ತು," ಅಂದರು.

ಅವರು ಅಲ್ಲಗಳೆದಿದ್ದರೆ ಚೆನ್ನಾಗಿತ್ತು ಅಂತ ಭಾಗ್ಯಶ್ರೀಗೆ ಅನ್ನಿಸಿತು. ಸುಳ್ಳಾದರೂ ಹೇಳಿದ್ದರೆ ಅದನ್ನೇ ಹಿಡಿದು ಅರ್ಧ ಗಂಟೆ ವಾದ ಮಾಡಬಹುದಿತ್ತು.

ವತ್ಸಲಾ ಎಲ್ಲವನ್ನೂ ನಿಧಾನವಾಗಿ ಹೇಳಿದರು. ಶುಕ್ರವಾರದ ಉದ್ಘಾಟನೆಯ ಪಾರ್ಟಿಯಲ್ಲಿ, ಗಾಲಾದಲ್ಲಿ, ಮೇಡಂ ಕೋ ಆ ಲಂಗವನ್ನು ಒಬ್ಬ ಮಾಡೆಲ್‌ಗೆ ತೊಡಿಸಿ ಕ್ಯಾಮೆರಾಗಳ ಮುಂದೆ ನಡೆಸಲಿದ್ದಾರಂತೆ. ನೂರೆಪ್ಪತ್ತು ವರ್ಷದ ಬಲೆ, ಬೆವರು, ಝಿಪ್ಪು, ಸೆಲ್ಫಿ. ಒಂದು ಸಂಜೆಗೆ ಚಿಂದಿಯಾಗುತ್ತದೆ. ಬೇಡ ಅಂತ ಎಷ್ಟೋ ಹೇಳಿದರಂತೆ, ಕೇಳಲಿಲ್ಲವಂತೆ. ಅದಕ್ಕೇ ನಾಲ್ಕು ತಿಂಗಳು ವೇದಾಂತನ ಹಳೇ ರೂಮಿನಲ್ಲಿ ಕೂತು ನಕಲು ಹೊಲಿದರಂತೆ. ಅವರು ಉಟ್ಟು ಹರಿಯಲಿ, ನಕಲನ್ನೇ ಹರಿಯಲಿ, ಗದ್ದಲ ಮುಗಿದಮೇಲೆ ಅಸಲಿಯನ್ನು ವಾಪಸ್ ಇಟ್ಟರಾಯಿತು ಅಂತ.

ಕೇಳುತ್ತ ಕೇಳುತ್ತ ಭಾಗ್ಯಶ್ರೀಯ ಎದೆ ಅರ್ಧ ಕರಗಿತು. ಅದು ಆಂಟಿ ಮಾಡಬಹುದಾದ ಕೆಲಸವೇ. ಆದರೆ ಇನ್ನರ್ಧ ಕರಗಲಿಲ್ಲ.

"ಜೋಡಿಸೋಕೆ ನೂರು ದಾರಿ ಇತ್ತಲ್ಲ ಆಂಟಿ. ಕೊಂಡಿನೇ ಯಾಕೆ?"

"ಬೇರೆ ಯಾವುದರಲ್ಲೂ ಗಂಟು ಮುಚ್ಚಲಿಲ್ಲ."

"ಅದನ್ನ ನೋಡಿದವರು ನನ್ನ ಹಿಡೀತಾರ ಅನ್ನೂದು ನಿಮಗ ಗೊತ್ತಿದ್ದಿಲ್ಲೇನ್ರೀ?"

ಈ ಮನೆಯಲ್ಲಿ ಅವಳು ಇಳಕಲ್ಲಿನ ಮಾತಾಡಿದ್ದು ಅದೇ ಮೊದಲು. ಹನ್ನೊಂದು ವರ್ಷ ಆಂಟಿಯ ಮುಂದೆ ಅವರ ಹಾಗೇ ಮಾತಾಡಲು ನಾಲಿಗೆಯನ್ನು ಪಳಗಿಸಿದ್ದಳು. ಈಗ ಅದು ಅವಳ ಮಾತು ಕೇಳಲಿಲ್ಲ.

ವತ್ಸಲಾ ಕೈ ಚಾಚಿ ಅವಳ ಕೈ ಹಿಡಿದರು. ಅಷ್ಟು ದೂರ ಯೋಚನೆ ಮಾಡಲಿಲ್ಲ, ತಪ್ಪಾಯಿತು ಅಂದರು. ಕಣ್ಣಲ್ಲಿ ನೀರೂ ಬಂತು. ಒಳಗೆ ಹೋಗಿ ಉದ್ದನೆಯ ಬೂದು ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಇದನ್ನ ನೀನೇ ತಗೊಂಡು ಹೋಗು, ಐದರೊಳಗೆ ಅಲ್ಲಿ ಇಟ್ಟುಬಿಡು, ನವನೀತ್‌ಗೆ ನಾನೇ ಫೋನ್ ಮಾಡಿ ಎಲ್ಲ ಒಪ್ಪಿಕೊಳ್ಳುತ್ತೇನೆ, ನಿನ್ನ ಹೆಸರಿಗೆ ಒಂದು ಚುಕ್ಕೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ ಅಂದರು.

ಭಾಗ್ಯಶ್ರೀ ಮುಚ್ಚಳಕ್ಕೆ ಕೈ ಹಾಕಿದಳು.

"ಇಲ್ಲಿ ತೆಗೀಬೇಡ," ಅಂದರು ವತ್ಸಲಾ. "ಒಗ್ಗರಣೆ ಹೊಗೆ ಇದೆ. ನಿನ್ನ ಕೈಯೂ ಬೆವೆತಿದೆ."

ಗುರುವಿನ ಮಾತು. ಎಂದಿನಂತೆ ಸರಿಯಾದ ಮಾತು. ಭಾಗ್ಯಶ್ರೀ ಕೈ ಹಿಂದಕ್ಕೆ ತೆಗೆದಳು. ಕಾಫಿ ಕುಡಿದಳು. ಹೊರಡುವಾಗ ಆಂಟಿ ಅವಳ ತಲೆ ಸವರಿದರು, ಅವಳು ತಡೆಯಲಿಲ್ಲ.

ಕೆಳಗೆ ಲಿಫ್ಟ್ ಬಾಗಿಲು ತೆರೆದಾಗ, ಕಟ್ಟಡದ ಬುಡದ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲಿನ ಮೇಜಿನ ಹತ್ತಿರ ಅರವಿಂದ ನಿಂತಿದ್ದ. ಚಾಂಗಿ ಬಿಸಿನೆಸ್ ಪಾರ್ಕಿನ ಆಫೀಸಿನಲ್ಲಿ ಇರಬೇಕಾದವನು ಊರಿನ ಈ ತುದಿಯಲ್ಲಿದ್ದ. ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿಯ ಪಟ್ಟಿ ಹಾಗೇ ಇತ್ತು. ಪಕ್ಕದಲ್ಲಿ ಇಬ್ಬರು ಪೊಲೀಸರು, ಒಬ್ಬ ಗಂಡಸು, ಒಬ್ಬ ಹೆಂಗಸು.

"ಆ ಬಾಕ್ಸ್ ಇಲ್ಲಿ ಇಡಿ, ಭಾಗ್ಯಶ್ರೀ," ಅಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

ಅವಳು ನಡೆದದ್ದನ್ನು ಹೇಳಲು ಹೋದಳು. ಅವನು ಕೈ ಎತ್ತಿ ತಡೆದ. ಹನ್ನೊಂದು ಗಂಟೆಗೇ ವತ್ಸಲಾ ಮೇಡಂ ಫೋನ್ ಮಾಡಿದ್ದರಂತೆ. ಅಂದರೆ ಭಾಗ್ಯಶ್ರೀ ಇನ್ನೂ ಟ್ರೈನಿನಲ್ಲಿದ್ದಾಗಲೇ. ಭಾನುವಾರ ಭಾಗ್ಯಶ್ರೀ ದೊಡ್ಡ ಬ್ಯಾಗಿನಲ್ಲಿ ಒಂದು ಪೆಟ್ಟಿಗೆ ತಂದು ಮನೆಯಲ್ಲಿ ಬಚ್ಚಿಟ್ಟು ಹೋಗಿದ್ದಾಳೆ, ಏನು ಅಂತ ನನಗೆ ಗೊತ್ತಿರಲಿಲ್ಲ, ಈಗ ಅದನ್ನು ಒಯ್ಯಲು ಬರುತ್ತಿದ್ದಾಳೆ, ನನಗೆ ಭಯವಾಗುತ್ತಿದೆ ಅಂದಿದ್ದರಂತೆ. ನಕಲಿನ ಸೊಂಟಪಟ್ಟಿ ನೀವೇ ಮಗುಚಿ ನೋಡಿ, ಅಲ್ಲಿರುವ ಜೋಡಣೆ ಸಿಂಗಾಪುರದಲ್ಲಿ ಒಬ್ಬಳಿಗೇ ಬರುವುದು ಅಂತಲೂ ಹೇಳಿದ್ದರಂತೆ.

ಭಾನುವಾರ. ಒಬ್ಬಟ್ಟು ಮಾಡಿದ್ದೀನಿ, ಊಟಕ್ಕೆ ಬಾ ಅಂತ ಕರೆದಿದ್ದರು. ಅತ್ತೆಯವರ ಕಾಲದ ಸೀರೆಗಳನ್ನು ರಿಪೇರಿಗೆ ಕೊಡ್ತೀನಿ, ದೊಡ್ಡ ಬ್ಯಾಗ್ ತಗೊಂಡು ಬಾ ಅಂದಿದ್ದರು. ಬ್ಯಾಗ್ ಹಿಡಿದು ಲಿಫ್ಟ್ ಹತ್ತಿದ್ದು ಕ್ಯಾಮೆರಾದಲ್ಲಿ ಇರುತ್ತದೆ. ಸೀರೆ ಆಮೇಲೆ ಕೊಡ್ತೀನಿ ಅಂತ ಬ್ಯಾಗನ್ನು ಖಾಲಿ ಮಡಚಿ ಕಳಿಸಿದ್ದೂ ಇರುತ್ತದೆ. ತೂಕದ ಗುಮಾನಿ ಹುಟ್ಟಿದ್ದು ಅದರ ಮಾರನೇ ದಿನ.

ಒಬ್ಬಟ್ಟಿಗೆ ಆಂಟಿ ಎರಡೆರಡು ಸಲ ತುಪ್ಪ ಬಡಿಸಿದ್ದರು.

"ಗಾಲಾದಲ್ಲಿ ಮಾಡೆಲ್‌ಗೆ ಉಡಿಸ್ತಾರೆ ಅಂತ..." ಅಂದಳು ಅವಳು.

"ಉಡಿಸೋದಾ?" ಅರವಿಂದ ಹುಬ್ಬೇರಿಸಿದ. ಲಂಗ ಎರವಲು ಕೊಟ್ಟ ಕರಾರಿನಲ್ಲಿ, ಪ್ರದರ್ಶನದ ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆಯಬಾರದು ಅಂತ ಮೇಡಂ ಕೋ ಅವರೇ ಬರೆಸಿದ್ದಾರೆ, ವತ್ಸಲಾ ಮೇಡಂ ಅದಕ್ಕೆ ಸಹಿಯೂ ಹಾಕಿದ್ದಾರೆ ಅಂದ.

ಮಹಿಳಾ ಅಧಿಕಾರಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಚೆಸ್ ಮನೆಗಳನ್ನು ಕೊರೆದ ಕಲ್ಲಿನ ಮೇಜಿನ ಮೇಲೆ ತೆಳುಕಾಗದ ಸರಿಯಿತು, ಬಿಳಿ ಬಲೆ ಉಬ್ಬಿ ಮೇಲೆದ್ದಿತು. ಅರವಿಂದ ಉಸಿರು ಬಿಟ್ಟ. ಸಿಕ್ಕಿತು ಅನ್ನುವ ಉಸಿರು.

ಭಾಗ್ಯಶ್ರೀ ಒಂದೇ ಒಂದು ಬೆರಳು ಚಾಚಿ ಅಂಚು ಮುಟ್ಟಿದಳು. ಅಧಿಕಾರಿ ತಡೆಯುವಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು. ಬಲೆಯ ಕಣ್ಣು ದೊಡ್ಡದು, ಮಡಿಕೆ ಒರಟು. ಕಲಿಯುವ ಕೈಯ ಮೊದಲ ಪ್ರಯತ್ನ. ಇದೂ ನಕಲೇ.

ಅಸಲಿ ಅಂತ ಸುಮ್ಮನಿದ್ದರೆ ಅವಳು ಕಳ್ಳಿ. ನಕಲಿ ಅಂದರೆ ಎರಡೆರಡು ನಕಲು ಹೊಲಿದವಳು, ಅಸಲಿಯನ್ನು ಎಲ್ಲೋ ದಾಟಿಸಿದವಳು.

"ಇದು ಅಸಲಿ ಅಲ್ಲ," ಅಂದಳು. ಬೇರೆ ಏನು ಹೇಳಲೂ ಅವಳಿಗೆ ಬರುತ್ತಿರಲಿಲ್ಲ.

ಅರವಿಂದನ ಮುಖ ಗಟ್ಟಿಯಾಯಿತು. "ಹಾಗಾದ್ರೆ ಅಸಲಿ ಎಲ್ಲಿಟ್ಟಿದ್ದೀರಿ?"

ಅಷ್ಟರಲ್ಲಿ ಎರಡನೇ ಲಿಫ್ಟ್ ಕೆಳಗಿಳಿಯಿತು. ವತ್ಸಲಾ ಹೊರಬಂದರು. ಸೀರೆ ಬದಲಿಸಿದ್ದರು. ಕೈಯಲ್ಲಿ ಒಂದು ನೀಲಿ ಸೂಟ್‌ಕೇಸ್. ಭಾಗ್ಯಶ್ರೀಯ ಕಡೆ ನೋಡಲಿಲ್ಲ. ಅರವಿಂದನಿಗೆ ಮಾತ್ರ, ಮನಸ್ಸು ಸರಿಯಿಲ್ಲ, ಒಬ್ಬಳೇ ಇರೋಕೆ ಆಗ್ತಿಲ್ಲ, ಮಗನ ಮನೆಗೆ ಹೋಗ್ತೀನಿ, ಸ್ಟೇಟ್‌ಮೆಂಟ್ ಬೇಕಾದರೆ ಅಲ್ಲಿಗೇ ಬನ್ನಿ ಅಂದರು. ಹೋಗಿ ಮೇಡಂ, ರೆಸ್ಟ್ ತಗೊಳ್ಳಿ ಅಂತ ಅರವಿಂದ ತಾನೇ ಓಡಿಹೋಗಿ ಹೊರಗೆ ಕಾಯುತ್ತಿದ್ದ ಟ್ಯಾಕ್ಸಿಯ ಬಾಗಿಲು ಹಿಡಿದ.

ಸೂಟ್‌ಕೇಸಿಗೆ ನಾಲ್ಕು ಗಾಲಿ ಇದ್ದವು. ನೆಲ ಸಪಾಟಾಗಿತ್ತು. ಎಪ್ಪತ್ತರ ಹತ್ತಿರದ ಆ ಹೆಂಗಸು ಅದನ್ನು ಉರುಳಿಸಲಿಲ್ಲ. ಎರಡೂ ಮುಂಗೈ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ನಿದ್ದೆಹೋದ ಕೂಸನ್ನು ಒಯ್ಯುವಂತೆ, ಒಂದಿಷ್ಟೂ ಅಲುಗಿಸದೆ ಒಯ್ಯುತ್ತಿದ್ದರು. ಮುಪ್ಪಾದ ಬಟ್ಟೆಯನ್ನು ಹಾಗೆ ಒಯ್ಯುತ್ತಾರೆ. ಬಟ್ಟೆಯ ಕೆಲಸ ಮಾಡುವವರು ಬೇರೆ ಯಾವುದನ್ನೂ ಹಾಗೆ ಒಯ್ಯುವುದಿಲ್ಲ.

"ಅರವಿಂದ್, ಆ ಸೂಟ್‌ಕೇಸ್ ತೆಗೆಸಿ," ಅಂದಳು ಭಾಗ್ಯಶ್ರೀ.

ಅವನು ಟ್ಯಾಕ್ಸಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿ ತಿರುಗಿದ. "ಮೊದಲು ನಿಮ್ಮ ವಿಷಯ ಮುಗೀಲಿ," ಅಂದ.

ಕಿಟಕಿಯಾಚೆ ವತ್ಸಲಾ ಈಗ ಅವಳನ್ನು ನೋಡಿದರು. ಮುಗುಳ್ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ತೊಡೆಯ ಮೇಲಿನ ಸೂಟ್‌ಕೇಸಿನ ಮೇಲೆ ಎರಡೂ ಅಂಗೈ ಊರಿಕೊಂಡು ಡ್ರೈವರ್‌ಗೆ ಏನೋ ಹೇಳಿದರು. ವೇದಾಂತನ ಮನೆ ಇದ್ದದ್ದು ಎಡಕ್ಕೆ. ಟ್ಯಾಕ್ಸಿ ಬಲಕ್ಕೆ ತಿರುಗಿ ಏರ್‌ಪೋರ್ಟ್ ದಾರಿ ಹಿಡಿಯಿತು.